ದೇವರ ಹೆಸರಲ್ಲಿ ಪ್ರಮಾಣ ಮಾಡಿದ ಶಾಸಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ, ಎಲ್ಲ ಪಕ್ಷಗಳ ರಾಜ್ಯಾಧ್ಯಕ್ಷರಿಗೆ,

ಮಾನ್ಯರೇ,

ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ದೇವರನ್ನು ನಂಬುವವನು. ಬೆಳಗ್ಗೆ ದೀಪ ಹಚ್ಚದೆ ಕಾಫಿ ಕುಡಿದವನಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಮುಂದೆ ಬರೆದಿರುವುದನ್ನು ಓದಿ, ಯಾರೋ ದೇವರು ದಿಂಡರು ಅಂದರೆ ಆಗದವನು ಬರೆದಿದ್ದಾನೆ ಅಂತ ನೀವು ಈ ಪತ್ರವನ್ನು ಪಕ್ಕಕ್ಕೆ ಇಡಬಾರದು.

ಜನರಲ್ಲಿ ದೈವಭಕ್ತಿ ಕಮ್ಮಿಯಾಗುತ್ತಿದೆ ಅಂತ ನೀವು ವೇದಿಕೆ ಮೇಲೆ ಆಗಾಗ ಹೇಳುತ್ತೀರಿ. ಹುಡುಗರು ದೇವಸ್ಥಾನಕ್ಕೆ ಬರಲ್ಲ, ಸಂಸ್ಕಾರ ಹೋಯ್ತು, ಕಾಲ ಕೆಟ್ಟಿತು ಅಂತ. ಕಮ್ಮಿಯಾಗಿರುವುದು ನಿಜ. ಆದರೆ ಎಲ್ಲಿ ಕಮ್ಮಿಯಾಗಿದೆ ಅನ್ನುವುದನ್ನು ಯಾರೂ ಹೇಳುತ್ತಿಲ್ಲ. ನಮ್ಮೂರ ಜಾತ್ರೆಗೆ ಮೊದಲಿಗಿಂತ ಜಾಸ್ತಿ ಜನ ಸೇರುತ್ತಾರೆ. ಮೈಕು ಜಾಸ್ತಿ, ಫ್ಲೆಕ್ಸು ಜಾಸ್ತಿ, ಆ ಫ್ಲೆಕ್ಸಿನಲ್ಲಿ ದೇವರ ಪಕ್ಕ ನಿಂತು ಕೈ ಮುಗಿಯುವ ನಿಮ್ಮ ಫೋಟೋಗಳೂ ಜಾಸ್ತಿ. ಟಿಕೆಟ್ ಸಿಕ್ಕ ಕೂಡಲೇ ಬಿ ಫಾರಂ ಹಿಡಿದು ಮನೆದೇವರ ಪಾದದಲ್ಲಿಟ್ಟು ಪೂಜೆ ಮಾಡಿಸುತ್ತೀರಿ. ಇದರಲ್ಲೆಲ್ಲ ಏನೂ ಕಮ್ಮಿಯಾಗಿಲ್ಲ. ದೇವರ ಮುಂದೆ ಆಡಿದ ಮಾತಿಗೆ ತಪ್ಪಬಾರದು, ತಪ್ಪಿದರೆ ಅವನು ನೋಡುತ್ತಾನೆ ಅನ್ನುವ ಅಂಜಿಕೆ ಕಮ್ಮಿಯಾಗಿದೆ. ಅದು ಅಧಿಕಾರ ಇರುವವರಲ್ಲಿ ಕಮ್ಮಿಯಾಗಿದೆ. ಕೂಲಿ ಮಾಡಿ ಬದುಕುವವರಲ್ಲಿ ಹಾಗೇ ಇದೆ. ಆ ಬಡವರ ಅಂಜಿಕೆಯನ್ನು ನಿಮ್ಮವರು ವೋಟಿಗೆ ಬಳಸಿಕೊಳ್ಳುತ್ತಿದ್ದಾರೆ. ಇದೇ ನನ್ನ ದೂರು.

2023ರ ಮೇ 10ರಂದು ವಿಧಾನಸಭೆಗೆ ಮತದಾನ ಆಯಿತಲ್ಲ, ಅದಕ್ಕೆ ಕೆಲವು ದಿನ ಮೊದಲು ನಮ್ಮ ಬೀದಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಪಕ್ಷದ ಹೆಸರು ಬೇಡ. ಒಂದು ಹೆಸರು ಬರೆದರೆ ಉಳಿದವರು ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ.

ರಾತ್ರಿ ಊಟದ ಹೊತ್ತು. ಪಕ್ಕದ ಮನೆಗೆ ನಾಲ್ಕು ಜನ ಬಂದರು. ಆ ಮನೆಯಲ್ಲಿ ಇರುವುದು ಗಂಡ ತೀರಿಹೋದ ಒಬ್ಬ ಹೆಂಗಸು, ವಯಸ್ಸು ಅರವತ್ತು ದಾಟಿದೆ, ಕೂಲಿ ಕೆಲಸ. ಬಂದವರಲ್ಲಿ ಒಬ್ಬನ ಕೈಯಲ್ಲಿ ಮತದಾರರ ಪಟ್ಟಿ, ಪೆನ್ನು. ಇನ್ನೊಬ್ಬನ ಕೈಯಲ್ಲಿ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿಯ ಫೋಟೋ, ಅರಿಶಿನ ಕುಂಕುಮ, ಎಲೆ ಅಡಿಕೆ. ಎಲೆಯ ಕೆಳಗೆ ಒಂದು ಕವರ್. ಕರ್ಪೂರವನ್ನೂ ಹಚ್ಚಿದ್ದರು. "ಬಾರಮ್ಮ, ಬಲಗೈ ಇಟ್ಟು ಇಂಥ ಗುರುತಿಗೇ ಹಾಕ್ತೀನಿ ಅಂತ ಹೇಳು" ಅಂದರು.

ಆಕೆ ಕೂಡಲೇ ಕೈ ಇಡಲಿಲ್ಲ. ದೇವರ ಫೋಟೋ ಕಂಡ ತಕ್ಷಣ ಒಳಗೆ ಹೋಗಿ ಕೈಕಾಲು ತೊಳೆದು, ಸೆರಗು ಹೊದ್ದು ಬಂದರು. ತಟ್ಟೆ ಹಿಡಿದುಕೊಂಡು ನಿಂತವನು ಕಾಲಲ್ಲಿದ್ದ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ನಾನು ನಮ್ಮ ಜಗಲಿ ಮೇಲಿಂದ ಇದನ್ನೆಲ್ಲ ನೋಡುತ್ತಿದ್ದೆ. ಆಕೆ ಫೋಟೋ ಮುಟ್ಟಿ, ಕಣ್ಣಿಗೊತ್ತಿಕೊಂಡು, ಅವರು ಹೇಳಿಕೊಟ್ಟ ಮಾತು ಹೇಳಿದರು. ಪಟ್ಟಿಯವನು ಹೆಸರಿನ ಮುಂದೆ ಗೆರೆ ಎಳೆದ. ಮುಂದಿನ ಮನೆಗೆ ಹೋದರು.

ಎರಡು ದಿನ ಬಿಟ್ಟು ಇನ್ನೊಂದು ಪಕ್ಷದವರು ಬಂದರು. ಅವರ ತಟ್ಟೆಯಲ್ಲಿ ಇದ್ದದ್ದು ನಮ್ಮೂರ ಮಾರಮ್ಮನ ಭಂಡಾರ. ಬೇಡ ಅಂದರೆ "ಅವರದ್ದು ತಗೊಂಡಿದ್ದೀಯಲ್ಲ, ನಮ್ಮದು ಯಾಕೆ ಬೇಡ" ಅಂತ ಗದರಿದರು. ಅಲ್ಲೂ ಆಕೆ ಮಾತು ಕೊಟ್ಟರು.

ಆಮೇಲೆ ಆಕೆ ಪಟ್ಟ ಪಾಡು ನಿಮಗೆ ಗೊತ್ತಾಗಬೇಕು. ದುಡ್ಡು ಎರಡೂ ಕಡೆ ತಗೊಂಡು ಸುಮ್ನೆ ತನಗೆ ಬೇಕಾದವರಿಗೆ ವೋಟು ಹಾಕಿ ಬರುವ ಜನ ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆಕೆ ಅಂಥವರಲ್ಲ. ಒಬ್ಬರಿಗೆ ಹಾಕಿದರೆ ಮಂಜುನಾಥನಿಗೆ ತಪ್ಪಿದ ಹಾಗೆ, ಇನ್ನೊಬ್ಬರಿಗೆ ಹಾಕಿದರೆ ಮಾರಮ್ಮನಿಗೆ ತಪ್ಪಿದ ಹಾಗೆ. ಧರ್ಮಸ್ಥಳದ ಅಣ್ಣಪ್ಪ ದೈವ ಸುಮ್ಮನೆ ಬಿಡಲ್ಲ ಮೇಷ್ಟ್ರೇ, ಮೊಮ್ಮಗು ಬೇರೆ ಹುಷಾರಿಲ್ಲ ಅಂತ ನನ್ನ ಹತ್ತಿರ ಬಂದು ಅತ್ತರು. ಬಲವಂತಕ್ಕೆ ಆಡಿದ ಮಾತನ್ನು ದೇವರು ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಂತ ನನಗೆ ತಿಳಿದಷ್ಟು ಸಮಾಧಾನ ಹೇಳಿದೆ. ಆಕೆಗೆ ಅದು ಹಿಡಿಸಲಿಲ್ಲ. ಮೇ 10ರಂದು ಮತಗಟ್ಟೆಗೇ ಹೋಗಲಿಲ್ಲ. ಎಷ್ಟೋ ಚುನಾವಣೆಗಳಲ್ಲಿ ಬೆಳಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸು. ಆಮೇಲೆ ಆ ಎರಡೂ ಕವರಿನ ದುಡ್ಡನ್ನು ಮುಟ್ಟದೆ ಹಳದಿ ಬಟ್ಟೆಯಲ್ಲಿ ಕಟ್ಟಿ, ಒಂದು ಗಂಟನ್ನು ಧರ್ಮಸ್ಥಳಕ್ಕೆ ಹೊರಟವರ ಕೈಯಲ್ಲಿ ತಪ್ಪು ಕಾಣಿಕೆ ಅಂತ ಕಳಿಸಿದರು. ಇನ್ನೊಂದನ್ನು ಮಾರಮ್ಮನ ಹುಂಡಿಗೆ ಹಾಕಿದರು.

ಗೆದ್ದವರು ಅದೇ ತಿಂಗಳು ಬೆಂಗಳೂರಿನಲ್ಲಿ ದೇವರ ಹೆಸರಲ್ಲಿ ಪ್ರಮಾಣವಚನ ತಗೊಂಡರು. ಟಿವಿಯಲ್ಲಿ ನೋಡಿದೆ. ಅವರಿಗೂ ಆ ಹೆಂಗಸಿಗೂ ದೇವರು ಒಬ್ಬನೇ ಅಲ್ವಾ? ತಪ್ಪು ಕಾಣಿಕೆ ಕಟ್ಟಿದ್ದು ಆಕೆ ಮಾತ್ರ.

ಈ ಪದ್ಧತಿ ಯಾಕೆ ಬೆಳೆಯಿತು ಅಂತ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಶಿಕ್ಷಕನಾಗಿ ನಾನೂ ಚುನಾವಣೆ ಕೆಲಸ ಮಾಡಿದ್ದೇನೆ. ರಟ್ಟಿನ ಮರೆಯ ಹಿಂದೆ ಹೋದ ಮತದಾರ ಯಾವ ಗುಂಡಿ ಒತ್ತಿದ ಅಂತ ಮತಗಟ್ಟೆಯ ಅಧಿಕಾರಿಗೂ ಕಾಣುವುದಿಲ್ಲ. ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸಿ ಕೆಳಗೆ ಪೆಟ್ಟಿಗೆಗೆ ಬೀಳುತ್ತದೆ. ಅದನ್ನು ನೋಡುವವನು ವೋಟು ಹಾಕಿದವನು ಮಾತ್ರ. ಹಾಗಾಗಿ ದುಡ್ಡು ಕೊಟ್ಟವನಿಗೆ ಯಾವ ಖಾತ್ರಿಯೂ ಇಲ್ಲ. ಕೋರ್ಟಿಗೆ ಹೋಗಿ ವಸೂಲಿ ಮಾಡುವ ಸಾಲವೂ ಅಲ್ಲ ಇದು. ಮರೆಯ ಹಿಂದೆ ಮತದಾರನ ಜೊತೆ ಹೋಗಬಲ್ಲವನು ದೇವರೊಬ್ಬನೇ. ಅದಕ್ಕೇ ದೇವರನ್ನು ಕಾವಲಿಗೆ ಕಳಿಸುತ್ತಾರೆ. ಗುಪ್ತ ಮತದಾನ ಅನ್ನುವುದು ಬಡವನಿಗೆ ಈ ದೇಶ ಕೊಟ್ಟ ದೊಡ್ಡ ರಕ್ಷಣೆ. ಸಾಹುಕಾರ, ಜಮೀನ್ದಾರ, ಜಾತಿ ಮುಖಂಡ ಯಾರೂ ಇಣುಕಬಾರದು ಅಂತ ಮಾಡಿದ ಏರ್ಪಾಡು. ಅದನ್ನು ಒಡೆಯಲು ಬೇರೆ ದಾರಿ ಸಿಗದೆ, ಆತನ ಭಕ್ತಿಯನ್ನೇ ಹಾರೆ ಮಾಡಿಕೊಂಡಿದ್ದಾರೆ.

ಇದು ಬರೀ ಕೆಟ್ಟ ಅಭ್ಯಾಸ ಅಲ್ಲ, ಕಾನೂನಿಗೂ ವಿರುದ್ಧ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ತೆಗೆದು ನೋಡಿ. ದುಡ್ಡು ಕೊಡುವುದು ಭ್ರಷ್ಟ ಆಚರಣೆ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಕೆಳಗೇ ಇನ್ನೊಂದು ಮಾತಿದೆ. ಹೀಗೆ ಮಾಡದಿದ್ದರೆ ನಿನಗೋ ನಿನಗೆ ಬೇಕಾದವರಿಗೋ ದೇವರ ಕೋಪ ತಟ್ಟುತ್ತದೆ ಅಂತ ಮತದಾರ ನಂಬುವ ಹಾಗೆ ಮಾಡಿದರೆ, ಅದು ಅವನ ಮತದ ಸ್ವಾತಂತ್ರ್ಯಕ್ಕೆ ಕೈ ಹಾಕಿದ ಹಾಗೆ. ಅದೂ ಭ್ರಷ್ಟ ಆಚರಣೆಯೇ. ಅಭ್ಯರ್ಥಿಯೇ ಮಾಡಲಿ, ಅವರ ಏಜೆಂಟ್ ಮಾಡಲಿ, ಅಭ್ಯರ್ಥಿಯ ಒಪ್ಪಿಗೆ ಪಡೆದು ಬೇರೆಯವರು ಮಾಡಲಿ. ಹೈಕೋರ್ಟಿನಲ್ಲಿ ಸಾಬೀತಾದರೆ ಆಯ್ಕೆ ರದ್ದಾಗುತ್ತದೆ, 6 ವರ್ಷದವರೆಗೆ ಚುನಾವಣೆಗೆ ನಿಲ್ಲದ ಹಾಗೆ ಮಾಡಬಹುದು. 1951ರಲ್ಲಿ ಕಾಯ್ದೆ ಬರೆದವರಿಗೆ ನಮ್ಮ ಹಳ್ಳಿಯ ಮನಸ್ಸು ತಿಳಿದಿತ್ತು. ಅದನ್ನು ಯಾರಾದರೂ ದುರುಪಯೋಗ ಮಾಡುತ್ತಾರೆ ಅನ್ನುವುದೂ ತಿಳಿದಿತ್ತು. ಆದರೆ ಸಾಬೀತು ಮಾಡುವವರು ಯಾರು? ನಮ್ಮ ಪಕ್ಕದ ಮನೆಯಾಕೆ ಹೈಕೋರ್ಟಿನ ಕಟಕಟೆ ಹತ್ತಿ ಸಾಕ್ಷಿ ಹೇಳುತ್ತಾರಾ? ದುಡ್ಡು ತಗೊಂಡವರ ಮೇಲೂ ಕೇಸ್ ಬೀಳುತ್ತದೆ ಅನ್ನುವ ಭಯ ಬೇರೆ.

ಈಗ ನೀವು ಮಾಡುವ ಪ್ರಮಾಣಗಳ ವಿಷಯಕ್ಕೆ ಬರುತ್ತೇನೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಅವುಗಳ ಮಾದರಿ ಇದೆ. ಮಂತ್ರಿಯಾದವರು ಲೆಕ್ಕ ಹಾಕಿ ನೋಡಿ. ನಾಮಪತ್ರ ಕೊಡುವಾಗ ಒಂದು, ದೇಶದ ಸಾರ್ವಭೌಮತೆ ಮತ್ತು ಅಖಂಡತೆ ಎತ್ತಿಹಿಡಿಯುತ್ತೇನೆ ಅಂತ. 1963ರ ತಿದ್ದುಪಡಿಯಲ್ಲಿ ಸೇರಿದ್ದು ಅದು. ಸದನದಲ್ಲಿ ಕೂರುವ ಮೊದಲು ಒಂದು. ಮಂತ್ರಿಯಾಗುವಾಗ ಅಧಿಕಾರದ್ದೊಂದು, ಗೌಪ್ಯತೆಯದ್ದೊಂದು. ಒಟ್ಟು ನಾಲ್ಕು ಸಲ. ಭಯ, ಪಕ್ಷಪಾತ, ರಾಗ, ದ್ವೇಷ ಇಲ್ಲದೆ ಎಲ್ಲರಿಗೂ ನ್ಯಾಯ ಮಾಡುತ್ತೇನೆ ಅಂತ ರಾಜ್ಯಪಾಲರ ಎದುರು ದೇವರನ್ನು ಸಾಕ್ಷಿ ಕರೆದು ಹೇಳುತ್ತೀರಿ. ತಟ್ಟೆ ಹಿಡಿದುಕೊಂಡು ಓಣಿ ಸುತ್ತುವವರನ್ನು ಕಳಿಸಿದ ಅಭ್ಯರ್ಥಿ ಆ ಹೊತ್ತಿಗಾಗಲೇ ಚುನಾವಣಾಧಿಕಾರಿ ಮುಂದೆ ಮೊದಲನೇ ಪ್ರಮಾಣ ಮುಗಿಸಿರುತ್ತಾರೆ. ಇದು ನಿಮ್ಮ ಮನಸ್ಸಿಗೆ ಏನೂ ಅನ್ನಿಸುವುದಿಲ್ಲವಾ?

ಹಳ್ಳಿಯಲ್ಲಿ ಆಣೆ ಅಂದರೆ ಹೇಗಿತ್ತು, ಈಗಲೂ ಕೆಲವು ಕಡೆ ಹೇಗಿದೆ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ನೀವೂ ಹಳ್ಳಿಯಿಂದಲೇ ಬಂದವರು. ಬದುವಿನ ಜಗಳ ಬಗೆಹರಿಯದಿದ್ದರೆ ಪಂಚಾಯ್ತಿಯವರು ಕೊನೆಗೆ "ದೇವರ ಮುಂದೆ ದೀಪ ಮುಟ್ಟಿ ಹೇಳಿಬಿಡು" ಅನ್ನುತ್ತಿದ್ದರು. ಅಲ್ಲಿಗೆ ಹೋದರೆ ಸುಳ್ಳು ಹೇಳಿದವನಿಗೆ ಮಾತ್ರ ಅಲ್ಲ, ನಿಜ ಹೇಳಿದವನಿಗೂ ಕೈ ನಡುಗುತ್ತಿತ್ತು. ದೇವಸ್ಥಾನದ ಹೊಸ್ತಿಲ ತನಕ ಹೋಗಿ, ಆಣೆ ಇಡಲಾರದೆ, "ಹೋಗ್ಲಿ ತಗೊಳಪ್ಪ" ಅಂತ ತನ್ನದೇ ಜಮೀನಿನಲ್ಲಿ ಎರಡು ಗುಂಟೆ ಬಿಟ್ಟುಕೊಟ್ಟು ಬಂದವರನ್ನು ನಾನು ನೋಡಿದ್ದೇನೆ. ಸುಮ್ಮಸುಮ್ಮನೆ ದೇವರ ಮೇಲೆ ಆಣೆ ಇಡಬೇಡ ಅಂತ ಮಕ್ಕಳನ್ನು ಬೈಯದ ತಾಯಿ ಇರಲಿಲ್ಲ.

ಅದೇ ಆಣೆಯನ್ನು ನೀವು ಪತ್ರಿಕಾಗೋಷ್ಠಿಯ ಮಾತು ಮಾಡಿಕೊಂಡಿದ್ದೀರಿ. ಯಾರಾದರೂ ಒಂದು ಆರೋಪ ಮಾಡಿದರೆ ಸಾಕು, ಧರ್ಮಸ್ಥಳಕ್ಕೆ ಬಾ, ಚಾಮುಂಡಿ ಬೆಟ್ಟಕ್ಕೆ ಬಾ, ಪ್ರಮಾಣ ಮಾಡು ಅಂತ ಸವಾಲು. 2011ರ ಜೂನ್ 27ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಇಬ್ಬರೂ ಇದಕ್ಕೋಸ್ಕರ ಧರ್ಮಸ್ಥಳಕ್ಕೆ ಹೋಗಿದ್ದರು. ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ದರ್ಶನ ಆಯಿತು, ಎದುರುಬದುರು ನಿಂತು ಆಣೆ ಮಾಡುವುದು ಮಾತ್ರ ಆಗಲಿಲ್ಲ. ಆಗದೇ ಇದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ರಾಜಕೀಯದ ಆರೋಪಕ್ಕೆ ಸದನ ಇದೆ, ಲೋಕಾಯುಕ್ತ ಇದೆ, ಕೋರ್ಟ್ ಇದೆ. ಅಲ್ಲಿ ದಾಖಲೆ ಇಡಬೇಕಾದವರು ದೇವರನ್ನು ಯಾಕೆ ಎಳೆದು ತರಬೇಕು?

ಪಕ್ಕದ ಗೋವಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2022ರ ಜನವರಿಯಲ್ಲಿ ಅಲ್ಲಿನ ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ಒಂದೇ ದಿನ ಪಣಜಿಯ ಮಹಾಲಕ್ಷ್ಮಿ ದೇವಸ್ಥಾನಕ್ಕೆ, ಬಾಂಬೋಲಿಮಿನ ಶಿಲುಬೆಗೆ, ಒಂದು ದರ್ಗಾಕ್ಕೆ ಕರೆದುಕೊಂಡು ಹೋಗಿ ಪಕ್ಷ ಬಿಡುವುದಿಲ್ಲ ಅಂತ ಪ್ರಮಾಣ ಮಾಡಿಸಿತು. ಗೆದ್ದವರು 11. ಸೆಪ್ಟೆಂಬರ್ ಹೊತ್ತಿಗೆ ಅವರಲ್ಲಿ 8 ಜನ ಬಿಜೆಪಿಗೆ ಹೋಗಿದ್ದರು. ಹೋದವರಲ್ಲಿ ಒಬ್ಬ ಮಾಜಿ ಮುಖ್ಯಮಂತ್ರಿ, ನಾನು ಮತ್ತೆ ದೇವರನ್ನೇ ಕೇಳಿದೆ, ನಿನಗೆ ಒಳ್ಳೆಯದು ಅನ್ನಿಸಿದ್ದನ್ನು ಮಾಡು ಅಂದ ಅನ್ನುವ ಅರ್ಥದ ಮಾತು ಹೇಳಿದರು. ಕೇಳಿ ನನಗೆ ನಿಜಕ್ಕೂ ನೋವಾಯಿತು. ನಮ್ಮಲ್ಲಿ ರೆಸಾರ್ಟಿಗೆ ಹೋಗಿ ಬಂದವರು ಇದಕ್ಕಿಂತ ಮೇಲು ಅಂತ ನಾನು ಹೇಳಲಾರೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಸಬೇಕು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯಿತು. ಅದು ದೇವರ ಹೆಸರಿನಿಂದ ಶುರುವಾಗಬೇಕು ಅಂತ ತಿದ್ದುಪಡಿ ತಂದವರು ಎಚ್.ವಿ. ಕಾಮತ್. ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಐಸಿಎಸ್ ನೌಕರಿ ಬಿಟ್ಟು ಸುಭಾಷ್ ಚಂದ್ರ ಬೋಸರ ಜೊತೆ ಹೋದವರು. ಪ್ರಾಮಾಣಿಕ ಭಕ್ತ. ಸಭೆಯಲ್ಲಿ ಹಲವರು ಒಪ್ಪಲಿಲ್ಲ. ನಂಬಿಕೆಯನ್ನು ಎಲ್ಲರ ಮೇಲೆ ಹೇರಿದ ಹಾಗೆ ಆಗುತ್ತದೆ ಅಂತ ಸದಸ್ಯರಾದ ಥಾನು ಪಿಳ್ಳೈ, ಕುಂಜ್ರೂ ಹೇಳಿದರು. ದೇವರನ್ನು ವೋಟಿಗೆ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಬೇಡಿಕೊಂಡರು. ಕಾಮತ್ ಪಟ್ಟು ಬಿಡಲಿಲ್ಲ. ಕೈ ಎತ್ತಿಸಿ ಎಣಿಸಿದಾಗ ಪರವಾಗಿ 41, ವಿರುದ್ಧ 68. ಕಾಮತರಿಗೆ ತುಂಬಾ ಸಂಕಟವಾಯಿತು.

ಸಾರ್ವಜನಿಕ ಜೀವನದಿಂದ ದೇವರು ಹೊರಗೆ ಹೋದದ್ದು ಆವತ್ತು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಸಭೆ ಪ್ರಮಾಣವಚನದಲ್ಲಿ ಎರಡು ದಾರಿ ಇಟ್ಟಿತು. ನಂಬುವವರು ದೇವರ ಹೆಸರಲ್ಲಿ, ನಂಬದವರು ಸತ್ಯನಿಷ್ಠೆಯಿಂದ. ಯಾರಿಗೂ ಒತ್ತಾಯ ಇಲ್ಲ, ಯಾರೂ ಸುಳ್ಳು ಭಕ್ತಿ ತೋರಿಸಬೇಕಾಗಿಲ್ಲ. ದೇವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಅಲ್ಲಿ ಒಬ್ಬ ಹೆಣ್ಣುಮಗಳು ಯಾವ ಮುಜುಗರ ಬೇಡ ಅಂತ ಕೇಳಿಕೊಂಡರೋ, ಅದು ಈಗ ಪ್ರತಿ ಚುನಾವಣೆಯಲ್ಲಿ ನಮ್ಮ ಓಣಿಗಳಲ್ಲಿ ನಡೆಯುತ್ತಿದೆ.

ಆದ್ದರಿಂದ ನಿಮ್ಮಲ್ಲಿ ಕೆಲವು ವಿನಂತಿಗಳಿವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆ ತಟ್ಟೆ ನಿಲ್ಲಬೇಕು. ಪಕ್ಷದ ಅಧ್ಯಕ್ಷರುಗಳೇ, ಇದನ್ನು ನಿಲ್ಲಿಸಲು ಹೊಸ ಕಾನೂನು ಬೇಕಾಗಿಲ್ಲ. ಟಿಕೆಟ್ ಕೊಡುವ ದಿನ ಅಭ್ಯರ್ಥಿಗೆ ನೀವು ಒಂದು ಮಾತು ಹೇಳಿದರೆ ಸಾಕು: ಯಾವ ಧರ್ಮದವರ ಮನೆಯಲ್ಲಾದರೂ ಸರಿ, ದೇವರ ಫೋಟೋ, ಗ್ರಂಥ, ಭಂಡಾರ ಮುಟ್ಟಿಸಿ ವೋಟು ಕೇಳಿದರೆ ಪಕ್ಷದಿಂದ ಹೊರಗೆ ಹಾಕುತ್ತೇವೆ ಅಂತ. ಹೇಳಿ, ಒಬ್ಬರನ್ನಾದರೂ ಹಾಕಿ ತೋರಿಸಿ. ಯಾತ್ರೆ ಹೆಸರಿನಲ್ಲಿ ಬಸ್ಸು ತುಂಬಿಸಿ ಕಳಿಸಿ, ದೇವಸ್ಥಾನದ ಅಂಗಳದಲ್ಲಿ ಮಾತು ತಗೊಳ್ಳುವುದೂ ಇದರಲ್ಲೇ ಸೇರಬೇಕು. ಜನ ಯಾತ್ರೆ ಹೋಗಬೇಕು ಅನ್ನಿಸಿದರೆ ತಾವೇ ಹೋಗುತ್ತಾರೆ.

ಶಾಸಕರೇ, ಪ್ರಮಾಣವಚನ ತಗೊಳ್ಳುವಾಗ ದೇವರ ಮೇಲೆ ನಿಜವಾದ ಅಂಜಿಕೆ ಇದ್ದರೆ ಮಾತ್ರ ಅವನ ಹೆಸರು ಹೇಳಿ. ಇಲ್ಲದಿದ್ದರೆ ಸತ್ಯನಿಷ್ಠೆಯ ದಾರಿ ಇದೆ, ಅದರಲ್ಲಿ ಯಾವ ಕೊರತೆಯೂ ಇಲ್ಲ, ನಮ್ಮಂಥ ಭಕ್ತರಿಗೆ ಅದರಿಂದ ಬೇಜಾರೂ ಇಲ್ಲ. ಇನ್ನು ಗುರುಗಳ ಹೆಸರು, ನಾಯಕರ ಹೆಸರು ಹೇಳಿ ಪ್ರಮಾಣ ಮಾಡುವುದನ್ನು ದಯವಿಟ್ಟು ಬಿಡಿ. 2001ರಲ್ಲಿ ಕೇರಳದ ಒಬ್ಬ ಶಾಸಕರು ನಾರಾಯಣ ಗುರುಗಳ ಹೆಸರಲ್ಲಿ ಪ್ರಮಾಣ ಮಾಡಿದ್ದನ್ನು ಅಲ್ಲಿನ ಹೈಕೋರ್ಟ್ ಸಂವಿಧಾನಕ್ಕೆ ಸರಿಹೊಂದುವುದಿಲ್ಲ ಅಂದಿತ್ತು. ಗುರುಗಳ ಮೇಲೆ ಪ್ರೀತಿ ಇದ್ದರೆ ಅದನ್ನು ತೋರಿಸಲು 5 ವರ್ಷ ಇದೆ. ಆಣೆ ಪ್ರಮಾಣದ ಸವಾಲುಗಳೂ ಸಾಕು. ನಿಮ್ಮ ಮೇಲೆ ಆರೋಪ ಬಂದರೆ ತನಿಖೆಗೆ ಒಪ್ಪಿಕೊಳ್ಳಿ, ಕಾಗದ ಪತ್ರ ತೋರಿಸಿ.

ಚುನಾವಣಾ ಆಯೋಗಕ್ಕೆ, ಜಿಲ್ಲಾಧಿಕಾರಿಗಳಿಗೆ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಮತದಾನ ಜಾಗೃತಿ ಅಂತ ನೀವು ಜಾಥಾ ಮಾಡಿಸುತ್ತೀರಿ, ರಂಗೋಲಿ ಬಿಡಿಸುತ್ತೀರಿ, ಮಕ್ಕಳ ಕೈಯಲ್ಲಿ ಫಲಕ ಹಿಡಿಸುತ್ತೀರಿ. ನಾನೂ ಮಾಡಿಸಿದ್ದೇನೆ. ಆ ಫಲಕಗಳಲ್ಲಿ 123ನೇ ಸೆಕ್ಷನ್ ಹೇಳುವ ಈ ವಿಷಯವನ್ನು ನಾನು ಎಲ್ಲೂ ಕಂಡಿಲ್ಲ. ನಿಮ್ಮ ಕೈಯಲ್ಲಿ ಆಣೆ ಹಾಕಿಸುವುದು ತಪ್ಪು, ತಪ್ಪು ಮಾಡಿದವರು ಅವರು, ವೋಟು ನಿಮ್ಮ ಮನಸ್ಸಿನಂತೆ ಹಾಕಿ, ಯಾರಿಗೂ ಕಾಣುವುದಿಲ್ಲ ಅಂತ ನಾಲ್ಕು ಸಾಲು ಸರಳ ಕನ್ನಡದಲ್ಲಿ ಬರೆಸಿ. ಮತಗಟ್ಟೆಯ ಗೋಡೆ ಮೇಲೆ, ಹಾಲಿನ ಡೇರಿ ಮುಂದೆ, ನ್ಯಾಯಬೆಲೆ ಅಂಗಡಿಯಲ್ಲಿ ಅಂಟಿಸಿ. ಹೆಂಗಸರು ಸಾಲು ನಿಲ್ಲುವ ಜಾಗ ಅವು. ದೂರು ಕೊಟ್ಟವರ ಹೆಸರು ಗುಟ್ಟಾಗಿರುತ್ತದೆ ಅನ್ನುವ ಭರವಸೆಯೂ ಬೇಕು.

ಮಠಾಧೀಶರಿಗೆ, ಅರ್ಚಕರಿಗೆ, ಮೌಲ್ವಿಗಳಿಗೆ, ಪಾದ್ರಿಗಳಿಗೆ ಕೈ ಮುಗಿದು ಕೇಳುತ್ತೇನೆ. ಈ ವಿಷಯದಲ್ಲಿ ನನ್ನ ಮಾತಿಗಿಂತ, ಅಧಿಕಾರಿಗಳ ಮಾತಿಗಿಂತ ನಿಮ್ಮ ಮಾತಿಗೆ ತೂಕ ಜಾಸ್ತಿ. ಪಕ್ಕದ ಮನೆಯಾಕೆಗೆ ನಾನು ಹೇಳಿದ ಸಮಾಧಾನವನ್ನೇ ನಮ್ಮೂರ ಪೂಜಾರಪ್ಪ ಹೇಳಿದ್ದರೆ ಆಕೆ ನಂಬುತ್ತಿದ್ದರು, ಮೇ 10ರಂದು ಮತಗಟ್ಟೆಗೆ ಹೋಗುತ್ತಿದ್ದರು. ಆಸೆ ತೋರಿಸಿ, ಹೆದರಿಸಿ ಹಾಕಿಸಿದ ಆಣೆ ಆಣೆಯಲ್ಲ, ಅದನ್ನು ಮುರಿದವರ ಮೇಲೆ ದೇವರಿಗೆ ಕೋಪ ಇಲ್ಲ ಅಂತ ಮುಂದಿನ ಚುನಾವಣೆಗೆ ಮೊದಲು ನಿಮ್ಮ ನಿಮ್ಮ ಗುಡಿ, ಮಸೀದಿ, ಇಗರ್ಜಿಗಳಲ್ಲಿ ಒಂದು ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಪಕ್ಷದವರು ಭಂಡಾರ ಕೇಳಲು ಬಂದರೆ ಕೊಡಬೇಡಿ.

ನಿಮ್ಮ ಉತ್ತರ ಪತ್ರದಲ್ಲೇ ಬರಬೇಕು ಅಂತಿಲ್ಲ. ಮುಂದಿನ ಚುನಾವಣೆಯಲ್ಲಿ ನಮ್ಮ ಬೀದಿಗೆ ಯಾರು ಬರುತ್ತಾರೆ, ಕೈಯಲ್ಲಿ ಏನು ಹಿಡಿದುಕೊಂಡು ಬರುತ್ತಾರೆ ಅಂತ ನಾನು ಜಗಲಿ ಮೇಲೆ ಕೂತು ನೋಡುತ್ತೇನೆ. ತಟ್ಟೆ ಕಂಡರೆ ಈ ಸಲ ಅಲ್ಲೇ ಎದ್ದು ಹೋಗಿ ಕೇಳುತ್ತೇನೆ, ಹೆಸರು ಬರೆದು ದೂರು ಕೊಡುತ್ತೇನೆ. ಸಾಕ್ಷಿ ಬೇಕು ಅಂದರೆ ಕೋರ್ಟಿಗೂ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಶಿಕ್ಷಕ ಮತ್ತು ಮತದಾರ,
ತುಮಕೂರು ಜಿಲ್ಲೆ